ಅತ್ತೆಯ ಬೆಳ್ಳಿಯೂ ನನ್ನ ರಬ್ಬರ್ ಬ್ಯಾಂಡೂ

ನಮ್ಮ ಅಡುಗೆಮನೆಯ ಬಾಗಿಲಿಗೆ ಚಿಲಕ ಹಾಕಲು ಬರುವುದಿಲ್ಲ. ಚಿಲಕ ಕೆಟ್ಟಿಲ್ಲ, ಅದರ ಮೇಲೆ ರಬ್ಬರ್ ಬ್ಯಾಂಡುಗಳು ತುಂಬಿಹೋಗಿವೆ. ಮಿಠಾಯಿ ಡಬ್ಬಿಯದು, ಔಷಧಿ ಪೊಟ್ಟಣದ್ದು, ಕೊತ್ತಂಬರಿ ಕಟ್ಟಿನದು, ಮದುವೆ ಕಾಗದದ ಕಟ್ಟಿನದು. ಹಳೆಯವು ಒಂದಕ್ಕೊಂದು ಅಂಟಿಕೊಂಡು, ಎಳೆದರೆ ಶಾವಿಗೆಯ ಹಾಗೆ ತುಂಡಾಗುತ್ತವೆ. ಆದರೂ ಎಸೆಯಲು ಮನಸ್ಸು ಬರುವುದಿಲ್ಲ. ಯಾವಾಗ ಏನು ಬಿಚ್ಚಿಕೊಳ್ಳುತ್ತದೋ ಯಾರಿಗೆ ಗೊತ್ತು! ಸಕ್ಕರೆ ಪೊಟ್ಟಣಕ್ಕೆ, ಉತ್ತರ ಪತ್ರಿಕೆಗಳಿಗೆ, ಮುರಿದ ರಿಮೋಟಿಗೆ, ಎಲ್ಲದಕ್ಕೂ ನನ್ನದು ಅದೊಂದೇ ಚಿಕಿತ್ಸೆ.

"ಈ ಮನೆಯಲ್ಲಿ ರಬ್ಬರ್ ಬ್ಯಾಂಡ್ ಬೀಳದೆ ಉಳಿದವನು ನಾನೊಬ್ಬ" ಎಂದು ನನ್ನ ಗಂಡ ನಾಗೇಶ ಬಂದವರಿಗೆಲ್ಲ ಹೇಳುತ್ತಾರೆ. ಅದು ಪೂರ್ತಿ ನಿಜವಲ್ಲ. ಇನ್ನೊಂದಿದೆ. ಬೆಳ್ಳಿ. ಬೆಳ್ಳಿ ಇಟ್ಟ ಪೆಟ್ಟಿಗೆಯ ಎರಡು ಮಾರು ದೂರದವರೆಗೆ ನಾನು ರಬ್ಬರ್ ಬ್ಯಾಂಡು ಸುಳಿಯಗೊಡುವುದಿಲ್ಲ. ಇದರ ಹಿಂದಿನ ಕತೆ ಹೇಳಿದರೆ ನನ್ನ ಮಾನ ಸ್ವಲ್ಪ ಹೋಗುತ್ತದೆ. ಹೋಗಲಿ. ಹೈಸ್ಕೂಲಿನಲ್ಲಿ ಇಷ್ಟು ವರ್ಷ ವಿಜ್ಞಾನ ಕಲಿಸಿದವಳಿಗೆ ಮಾನ ಹೋಗುವುದೇನು ಹೊಸತೇ? ಎಂಟನೇ ತರಗತಿಯ ಹುಡುಗಿಯರು ಕೇಳುವ ಪ್ರಶ್ನೆಗಳನ್ನು ನೀವು ಕೇಳಿಲ್ಲ.

ನಾನು ಹುಟ್ಟಿದ್ದು ಕಾರವಾರದ ಬಳಿಯ ಅರ್ಗಾದ ಕಡಲ ದಂಡೆಯಲ್ಲಿ. ಮನೆಯ ಮುಂದೆ ದೋಣಿ, ಹಿಂದೆ ಒಣಗಿಸಿದ ಮೀನು, ಸುತ್ತ ಉಪ್ಪುಗಾಳಿ. ಆ ಗಾಳಿಗೆ ಕಬ್ಬಿಣ ತಿನ್ನಲು ಹಲ್ಲು ಬೇಡ. ಜೂನಿನಲ್ಲಿ ಕೊಂಡ ಕಂಪಾಸು ಪೆಟ್ಟಿಗೆ ಚೌತಿಯ ಹೊತ್ತಿಗೆ ತೆರೆಯಲು ಬರುತ್ತಿರಲಿಲ್ಲ. ತೆರೆದರೆ ಮುಚ್ಚಲು ಬರುತ್ತಿರಲಿಲ್ಲ. ಅದಕ್ಕೆ ಆಯಿ, ಎಂದರೆ ನನ್ನ ತಾಯಿ ಶೇವಂತಿ, ವಾರಕ್ಕೊಮ್ಮೆ ತೆಂಗಿನೆಣ್ಣೆಯ ಬಟ್ಟಲು ಹಿಡಿದು ಕೂರುತ್ತಿದ್ದಳು. ಬೀಗ, ಕತ್ತರಿ, ಬಾಗಿಲ ತಿರುಗಣಿ, ಕೊನೆಗೆ ನನ್ನ ತಲೆ. ಎಲ್ಲಕ್ಕೂ ಅದೇ ಎಣ್ಣೆ, ಅದೇ ಚಿಂದಿ, ಅದೇ ಕ್ರಮ. ನೌಕಾನೆಲೆಗೆ ಜಾಗ ಹೋದ ಮೇಲೆ ನಾವು ಕಾರವಾರದ ಹೊರಗಿನ ಹೊಸ ಬಡಾವಣೆಗೆ ಬಂದೆವು. ಅಪ್ಪ ಬೇರೆಯವರ ಬೋಟಿಗೆ ಹೋಗತೊಡಗಿದ. ಆಯಿ ಪೇಟೆಯಲ್ಲಿ ಮೀನು ಮಾರುತ್ತ ನನ್ನನ್ನು ಓದಿಸಿದಳು. ಎಣ್ಣೆ ಬಟ್ಟಲು ಮಾತ್ರ ನಮ್ಮ ಜೊತೆಯಲ್ಲೇ ಬಂತು.

ಬಿ.ಎಡ್. ಮುಗಿಸಿ ಅಂಕೋಲೆಯ ಕಡೆಯ ಹೈಸ್ಕೂಲೊಂದರಲ್ಲಿ ಕೆಲಸಕ್ಕೆ ಸೇರಿದೆ. ಅಲ್ಲಿ ಗಣಿತದ ಮಾಸ್ತರು ನಾಗೇಶ. ಅವರು ನನಗೆ ಸೀಮೆಸುಣ್ಣದ ಪೆಟ್ಟಿಗೆ ತಂದುಕೊಡುವುದು ಸ್ವಲ್ಪ ಹೆಚ್ಚೇ ಆಗಿ, ಎರಡನೇ ವರ್ಷದಲ್ಲಿ ಮಂಜುಗುಣಿಯ ವೆಂಕಟರಮಣನ ಗುಡಿಯಲ್ಲಿ ನಮ್ಮ ಮದುವೆಯಾಯಿತು. ನಮ್ಮದು ಬಲೆ ಬೀಸುವ ಮನೆ, ಅವರದು ಗದ್ದೆ ಉಳುವ ಮನೆ. ಎರಡೂ ಮನೆಯವರು ಬಂದರು, ಅಕ್ಷತೆ ಹಾಕಿದರು, ಬೇರೆ ಬೇರೆ ಪಂಕ್ತಿಯಲ್ಲಿ ಉಂಡರು, ಬೇರೆ ಬೇರೆ ವಾಹನ ಹತ್ತಿದರು. ಜಗಳವಾಗಲಿಲ್ಲ. ಮಾತೇ ಆಡದಿದ್ದರೆ ಜಗಳ ಎಲ್ಲಿಂದ ಆಗಬೇಕು?

ನನ್ನ ಅತ್ತೆಯ ಹೆಸರು ಹೊನ್ನಮ್ಮ. ಹೆಸರು ಹೊನ್ನಿನದಾದರೂ ಜೀವವೆಲ್ಲ ಬೆಳ್ಳಿಯಲ್ಲಿ. ಅತ್ತೆ ನನ್ನನ್ನು ಬೈದವರಲ್ಲ, ಕೆಲಸ ಹೇಳಿದವರಲ್ಲ. ಆದರೆ ನನ್ನ ಹೆಸರು ಮಾಲಿನಿ ಎಂಬುದು ಅವರಿಗೆ ಗೊತ್ತಿದೆಯೋ ಇಲ್ಲವೋ ಎಂದು ನನಗೆ ಸಂಶಯ ಬರುವಷ್ಟು ಮರ್ಯಾದೆಯಿಂದ ನಡೆಸಿಕೊಂಡರು. ನಮ್ಮ ಕಡೆ ಶಾಲೆಯ ಬಾಯಿಯವರಿಗೆ 'ಅಕ್ಕೋರು' ಎನ್ನುತ್ತಾರಲ್ಲ, ಹಾಗೆ ಅವರೂ ನನ್ನನ್ನು ಕರೆಯುತ್ತಿದ್ದರು. "ಅಕ್ಕೋರೇ, ಚಾ ಕುಡೀರಿ." "ಅಕ್ಕೋರೇ, ಒಣಗೂಕೆ ಹಾಕ್ದ ನಿಮ್ಮ ಸೀರೆ ಬಳ್ಳಿ ಮೇಲಿಂದ ಬಿತ್ತು." ಸ್ವಂತ ಮನೆಯಲ್ಲಿ ನಾನು ತಪಾಸಣೆಗೆ ಬಂದ ಅಧಿಕಾರಿಯ ಹಾಗೆ ಐದು ವರ್ಷ ಕಳೆದೆ.

ಅವರ ಬೆಳ್ಳಿ ಹೆಚ್ಚೇನಿರಲಿಲ್ಲ. ಒಂದು ತಂಬಿಗೆ, ಎರಡು ದೀಪ, ಒಂದು ಗುಲಾಬದಾನಿ, ಮಗುವಿನ ಸೊಂಟಕ್ಕೆ ಕಟ್ಟುವ ಒಂದು ಉಡಿದಾರ. ಆ ಉಡಿದಾರವನ್ನು ನನ್ನ ಮಾವ ಕಟ್ಟಿಕೊಂಡಿದ್ದರು, ನಾಗೇಶ ಕಟ್ಟಿಕೊಂಡಿದ್ದರು, ಅವರ ತಂಗಿ ಗೀತಾ ಕಟ್ಟಿಕೊಂಡಿದ್ದಳು. ಮನೆಯಲ್ಲಿ ಯಾರಿಗೂ ಅವುಗಳನ್ನು ಮುಟ್ಟುವ ಅಧಿಕಾರವಿರಲಿಲ್ಲ. ಪ್ರತಿ ವರ್ಷ ಚೌತಿ ಮುಗಿದು ಗಣಪತಿಯನ್ನು ನೀರಿಗೆ ಬಿಟ್ಟ ಮಾರನೆಯ ದಿನ ಅತ್ತೆ ಅಂಟವಾಳದ ಕಾಯಿ ನೆನೆಸಿ, ಅದರ ನೊರೆಯಲ್ಲಿ ಒಂದೊಂದನ್ನೇ ತೊಳೆಯುತ್ತಿದ್ದರು. ಬಿಸಿಲಿಗೆ ಇಟ್ಟು, ಕಾಗೆ ಬಾರದಂತೆ ಕೋಲು ಹಿಡಿದು ಪಕ್ಕದಲ್ಲೇ ಕೂರುತ್ತಿದ್ದರು. ಆಮೇಲೆ ಮಾವನ ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿ, ಎರಡು ಕರ್ಪೂರದ ಬಿಲ್ಲೆ ಹಾಕಿ, ಮರದ ಪೆಟ್ಟಿಗೆಯಲ್ಲಿಟ್ಟು ಬೀಗ. ಕೀ ಸೊಂಟಕ್ಕೆ. ಮುಗಿಯಿತು. ಮುಂದಿನ ವರ್ಷ ತೆಗೆದರೆ ನಿನ್ನೆಯಷ್ಟೇ ಅಂಗಡಿಯಿಂದ ತಂದ ಹಾಗೆ ಹೊಳೆಯುತ್ತಿದ್ದವು.

ಎರಡು ಸಾವಿರದ ಇಸವಿ ದಾಟಿ ಆರೇಳು ವರ್ಷವಾಗಿರಬೇಕು. ಆ ವರ್ಷದ ಚೌತಿಗೆ ಅತ್ತೆಯ ಕಣ್ಣಿನ ಪೊರೆ ಬಹಳ ಬೆಳೆದಿತ್ತು. ಕಾರವಾರದ ಡಾಕ್ಟರು ಆಪರೇಶನ್ನಿಗೆ ಒಂದು ತಿಂಗಳ ಮುಂದಿನ ದಿನ ಕೊಟ್ಟಿದ್ದರು. ಗಣಪತಿ ಹೋದ ಮಾರನೆಯ ಬೆಳಿಗ್ಗೆ ಅತ್ತೆ ನನ್ನನ್ನು ಕರೆದರು.

"ಅಕ್ಕೋರೇ, ಈ ಸಲ ನೀವೇ ತೊಳ್ದು ಇಟ್ಬಿಡಿ. ನಂಗೆ ದೀಪ ಯಾವ್ದು, ದೀಪದ ನೆಳ್ಳು ಯಾವ್ದು ಅಂತ ಗೊತ್ತಾಗೂದಿಲ್ಲ" ಎಂದು ಸೊಂಟದಿಂದ ಕೀ ಬಿಚ್ಚಿ ನನ್ನ ಕೈಯಲ್ಲಿಟ್ಟರು. ಕೀ ಬೆಚ್ಚಗಿತ್ತು. ಶಾಲೆಯಲ್ಲಿ ಮುಖ್ಯೋಪಾಧ್ಯಾಯಿನಿಯ ಪಟ್ಟ ಸಿಕ್ಕಿದ್ದರೂ ನನಗೆ ಅಷ್ಟು ಹೆಮ್ಮೆಯಾಗುತ್ತಿರಲಿಲ್ಲ.

ಹೆಮ್ಮೆ ಬಂದವಳು ಸುಮ್ಮನಿರಬೇಕಲ್ಲ! ಅತ್ತೆ ಮಾಡಿದ ಹಾಗೆ ಮಾಡಿದ್ದರೆ ಈ ಪ್ರಬಂಧವೇ ಇರುತ್ತಿರಲಿಲ್ಲ. ಆದರೆ ನಾನು ವಿಜ್ಞಾನದವಳು. ಗಾಳಿ ಮತ್ತು ತೇವ, ಇವೆರಡು ತಾಗದಿದ್ದರೆ ಲೋಹ ಕೆಡುವುದಿಲ್ಲ ಎಂದು ವರ್ಷಕ್ಕೆ ಮೂರು ತರಗತಿಗಳಿಗೆ ಹೇಳುತ್ತಿದ್ದವಳು. ಹಳೆಯ ಪಂಚೆಯ ತೆಳು ಬಟ್ಟೆಯೊಳಗೆ ಗಾಳಿ ಹೋಗದೆ ಇರುತ್ತದೆಯೇ? ಎಲ್ಲವನ್ನೂ ತೊಳೆದು ಒರೆಸಿ, ಪ್ರತಿಯೊಂದಕ್ಕೂ ದಿನಪತ್ರಿಕೆಯ ಎರಡೆರಡು ಹಾಳೆ ಬಿಗಿಯಾಗಿ ಸುತ್ತಿದೆ. ಒಂದಕ್ಕೊಂದು ತಾಗಿ ನೆಗ್ಗಬಾರದೆಂದು ನನ್ನ ಉಣ್ಣೆಯ ಶಾಲು ಹೊದಿಸಿದೆ. ಗಾಳಿ ನುಸುಳಲು ಒಂದು ಬಿರುಕೂ ಇರಬಾರದೆಂದು ಒಂದೊಂದು ಕಟ್ಟಿಗೂ ಮೇಲಿನಿಂದ ಕೆಳಗಿನವರೆಗೆ ರಬ್ಬರ್ ಬ್ಯಾಂಡು ಹಾಕಿದೆ. ಉಡಿದಾರಕ್ಕಂತೂ ನೇರವಾಗಿಯೇ ನಾಲ್ಕು ಸುತ್ತು, ಸಿಕ್ಕಾಗಬಾರದಲ್ಲ!

ನಾಗೇಶ ನೋಡುತ್ತ ನಿಂತಿದ್ದವರು, "ಅವ್ವ ಮಾಡೂ ಹಂಗೆ ಮಾಡ್ರೆ ಸಾಕಿತ್ತಲಾ" ಎಂದರು.

"ಗಣಿತದವರಿಗೆ ಇದು ತಿಳಿಯೂದಿಲ್ಲ" ಎಂದೆ. ಆ ಮಾತನ್ನು ಅವರು ಈ ದಿನದವರೆಗೂ ಮರೆತಿಲ್ಲ.

ಅತ್ತೆಯ ಆಪರೇಶನ್ ಚೆನ್ನಾಗಿ ಆಯಿತು. ಮೊದಲು ಪಟ್ಟಿ, ಆಮೇಲೆ ಮುಖದ ಅರ್ಧ ಮುಚ್ಚುವ ಕಪ್ಪು ಕನ್ನಡಕ. ಹೊಗೆಯ ಹತ್ತಿರ ಹೋಗಬಾರದು, ಬಗ್ಗಬಾರದು, ತಲೆಗೆ ನೀರು ಹಾಕಬಾರದು. ಅದೇ ಹೊತ್ತಿಗೆ ನನ್ನ ನಾದಿನಿ ಗೀತಾ ಹೆಣ್ಣು ಹೆತ್ತಳು. ತವರಿನಲ್ಲಿ ಆಗಬೇಕಿದ್ದ ಬಾಣಂತನ ಅತ್ತೆಯ ಕಣ್ಣಿನಿಂದಾಗಿ ಅವಳ ಗಂಡನ ಊರು ಹಣಕೋಣದಲ್ಲೇ ನಡೆಯಿತು. ತೊಟ್ಟಿಲ ಶಾಸ್ತ್ರವೂ ಅಲ್ಲೇ ಎಂದಾಯಿತು. ಅತ್ತೆ ಲೆಕ್ಕ ಹಾಕಿ ಡಾಕ್ಟರು ಮತ್ತೆ ನೋಡುವ ದಿನವನ್ನೇ ಅದಕ್ಕೂ ಗೊತ್ತುಮಾಡಿಸಿದರು. "ಬೆಳಗ್ಗೆ ಡಾಕ್ಟರು ಕನ್ನಡ್ಕ ತೆಗೀತ್ರು. ಅಲ್ಲಿಂದ ಸೀದಾ ಹಣಕೋಣ. ಕಣ್ಣು ಬಂದದ್ದೇ ಮೊದ್ಲು ಮೊಮ್ಮಗಳನ್ನ ನೋಡ್ತೆ, ಮತ್ತೆ ಅದ್ರ ಸೊಂಟದ ಮೇಲೆ ನನ್ನ ಉಡಿದಾರ ನೋಡ್ತೆ" ಎಂದು ಮನೆಗೆ ಬಂದವರಿಗೆಲ್ಲ ಹೇಳಿದರು.

ಶಾಸ್ತ್ರಕ್ಕೆ ನಾಲ್ಕು ದಿನ ಇರುವಾಗ, ಶನಿವಾರ ಮಧ್ಯಾಹ್ನ ಶಾಲೆಯಿಂದ ಬಂದು ನಾನು ಪೆಟ್ಟಿಗೆ ತೆರೆದೆ. ಮೊದಲು ಬಂದದ್ದು ತಂಬಿಗೆ. ಕಾಗದ ಬಿಡಿಸಿದರೆ ಅದರ ಹೊಟ್ಟೆಯ ಸುತ್ತ ನಾಲ್ಕು ಕಪ್ಪು ಪಟ್ಟೆಗಳು. ಹುಲಿವೇಷದವನ ಹೊಟ್ಟೆಯೂ ಅಷ್ಟು ಅಚ್ಚುಕಟ್ಟಾಗಿರುವುದಿಲ್ಲ. ಪಟ್ಟೆಗಳ ನಡುವೆ ದಿನಪತ್ರಿಕೆಯ ಅಕ್ಷರಗಳು ಉಲ್ಟಾ ಮೂಡಿದ್ದವು. ಓದಿದರೆ ಯಾವುದೋ ಕಟ್ಟಡದ ಟೆಂಡರಿನ ಪ್ರಕಟಣೆ. ದೀಪಗಳು ಮಸಿ ಹಿಡಿದ ಲಾಟೀನಿನ ಹಾಗೆ. ಗುಲಾಬದಾನಿಯ ಕತ್ತಿಗೆ ಉರುಳು ಬಿಗಿದ ಕಲೆ. ಉಡಿದಾರದ ಬಗ್ಗೆ ಏನು ಹೇಳಲಿ? ಅದನ್ನು ನೆಲದ ಮೇಲೆ ಬಿಟ್ಟಿದ್ದರೆ ಯಾರಾದರೂ ಹಾವಿನ ಮರಿ ಎಂದು ಹೊಡೆಯುತ್ತಿದ್ದರು.

ಆಗ ತಲೆಯೊಳಗೆ ಗಂಟೆ ಬಾರಿಸಿತು. ಬೆಳ್ಳಿಗೆ ಗಂಧಕವೇ ಶತ್ರು. ರಬ್ಬರಿನಲ್ಲಿ ಗಂಧಕ. ಉಣ್ಣೆಯಲ್ಲಿ ಗಂಧಕ. ಪತ್ರಿಕೆಯ ಕಾಗದ, ಶಾಯಿಯಲ್ಲೂ ಅದೇ. ಗಾಳಿಯಿಂದ ಬೆಳ್ಳಿಯನ್ನು ಕಾಪಾಡಲು ಹೋಗಿ ನಾನು ಮೂರೂ ಕಡೆಯಿಂದ ಶತ್ರುವನ್ನೇ ಕರೆತಂದು, ಅಪ್ಪಿಸಿ, ಬಿಗಿದು ಕಟ್ಟಿದ್ದೆ. ಇದನ್ನು ಹತ್ತನೇ ತರಗತಿಯಲ್ಲಿ ನಾನೇ ಪಾಠ ಮಾಡುತ್ತಿದ್ದೆ, ಪರೀಕ್ಷೆಗೆ ಎರಡು ಅಂಕದ ಪ್ರಶ್ನೆಯಾಗಿ ಕೊಡುತ್ತಿದ್ದೆ. ಬರೆಯದವರಿಗೆ ಸೊನ್ನೆ ಹಾಕುತ್ತಿದ್ದೆ.

ಹಲ್ಲುಪುಡಿ ತಿಕ್ಕಿದೆ. ಲಿಂಬೆ ತಿಕ್ಕಿದೆ. ಪಟ್ಟೆಗಳು ಇನ್ನೂ ಸ್ಪಷ್ಟವಾದವು. ಜಗಲಿಯಲ್ಲಿ ಅತ್ತೆ ಕಪ್ಪು ಕನ್ನಡಕದಲ್ಲಿ ಕೂತು ರೇಡಿಯೋ ಕೇಳುತ್ತಿದ್ದರು.

ನಾಗೇಶ ಬಂದು ನೋಡಿ, ಬಾಯಿ ತೆರೆದು, ನನ್ನ ಮುಖ ನೋಡಿ ಬಾಯಿ ಮುಚ್ಚಿದರು. ಆಮೇಲೆ ಮೆಲ್ಲಗೆ, "ಹೆದ್ರಬೇಡ. ಇನ್ನೂ ನಾಲ್ಕು ದಿನ ಅವ್ವಂಗೆ ಲೋಕ ಎಲ್ಲಾ ಕಪ್ಪೇ ಕಾಣೂದು" ಎಂದರು.

"ಐದನೇ ದಿನ?"

ಗಣಿತದವರು ಆ ಲೆಕ್ಕವನ್ನು ನನಗೇ ಬಿಟ್ಟು ಹೊರಗೆ ನಡೆದರು.

ಬೆಳ್ಳಿಯನ್ನೆಲ್ಲ ಉತ್ತರ ಪತ್ರಿಕೆ ಒಯ್ಯುವ ಚೀಲಕ್ಕೆ ತುಂಬಿ, "ಆಯಿಯನ್ನು ನೋಡಿಕೊಂಡು ನಾಳೆ ಬರ್ತೇನೆ ಅತ್ತೆ" ಎಂದು ಹೇಳಿ ಕಾರವಾರದ ಬಸ್ಸು ಹತ್ತಿದೆ. ಚೀಲ ತೊಡೆಯ ಮೇಲೆ. ಬಸ್ಸು ಗುಂಡಿಗೆ ಬಿದ್ದಾಗಲೆಲ್ಲ ಗುಲಾಬದಾನಿ ತಂಬಿಗೆಗೆ ಬಡಿದು ಣಣ್ ಎನ್ನುತ್ತಿತ್ತು. ಪಕ್ಕದ ಹೆಂಗಸು, "ಭಜನೆಗೆ ಹೊಂಟೀರೇ?" ಎಂದು ಕೇಳಿದಳು. ಹೌದೆಂದೆ. ದೇವರನ್ನು ನೆನೆಯುತ್ತಿದ್ದುದಂತೂ ನಿಜ.

ಆಯಿ ಮೀನು ಮಾರಿ ಆಗಷ್ಟೇ ಮನೆಗೆ ಬಂದು ಕಾಲು ತೊಳೆಯುತ್ತಿದ್ದಳು. ಮನೆಯಲ್ಲಿ ನಮ್ಮದು ಕೊಂಕಣಿ. ಅವಳು ಆ ದಿನ ನನಗೆ ಬೈದದ್ದನ್ನು ಕನ್ನಡಕ್ಕೆ ತಂದರೆ ಅದರ ರುಚಿ ಅರ್ಧ ಕಡಿಮೆಯಾಗುತ್ತದೆ. ಆದರೂ ಸಾರಾಂಶ ಇಷ್ಟು:

"ಅಗೋ ಮಾಲೂ, ನಿನ್ನ ಓದ್ಸೂಕೆ ನಾನು ಎಷ್ಟು ಬುಟ್ಟಿ ತಾರ್ಲೆ ಮಾರಿದೆ, ಗೊತ್ತುಂಟಾ? ಅಷ್ಟೂ ತಾರ್ಲೆ ಈಗ ನನ್ನ ನೋಡಿ ನಗ್ತಾವು! ನೀ ಕಲ್ತ ಪುಸ್ತಕದಲ್ಲಿ ಕಪ್ಪು ಮಾಡೂದು ಮಾತ್ರ ಇತ್ತಾ? ಬೆಳ್ಳಗೆ ಮಾಡೂದು ಇರ್ಲಿಲ್ಲಾ?"

ಇತ್ತು. ಬೈಗುಳದ ನಡುವೆ ನೆನಪಾಯಿತು. ಅಲ್ಯೂಮಿನಿಯಂ ಪಾತ್ರೆಯಲ್ಲಿ ಕುದಿಯುವ ನೀರು, ಉಪ್ಪು, ಅಡುಗೆ ಸೋಡಾ. ಅದರಲ್ಲಿ ಬೆಳ್ಳಿಯನ್ನು ಪಾತ್ರೆಗೆ ತಾಗುವಂತೆ ಇಟ್ಟರೆ ಗಂಧಕ ಬೆಳ್ಳಿಯನ್ನು ಬಿಟ್ಟು ಅಲ್ಯೂಮಿನಿಯಮ್ಮಿನ ಕಡೆಗೆ ಹೋಗುತ್ತದೆ. ಪಾಠದ ಕೊನೆಯ ಚಟುವಟಿಕೆ. ಸಮಯವಿಲ್ಲವೆಂದು ಪ್ರತಿ ವರ್ಷ ಬಿಟ್ಟುಬಿಡುತ್ತಿದ್ದೆ.

"ಆಯೀ, ಅಲ್ಯೂಮಿನಿಯಂ ಪಾತ್ರೆ ಉಂಟಾ? ದೊಡ್ಡದು?"

ಆಯಿ ಅಂಗಳದ ಮೂಲೆ ತೋರಿಸಿದಳು. ಅಲ್ಲಿ ತೊಳೆದು ಬೋರಲು ಹಾಕಿದ್ದ ಅವಳ ಮೀನಿನ ಬೋಗುಣಿ. ಹದಿನೈದು ವರ್ಷ ದಿನವೂ ಬಂಗಡೆ, ತಾರ್ಲೆ, ಸೀಗಡಿ ಹೊತ್ತ ಬೋಗುಣಿ.

ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಹೊನ್ನಮ್ಮನವರ ದೇವರ ದೀಪ ಈ ಬೋಗುಣಿಯಲ್ಲಿ!

"ಮತ್ತೊಂದು ಸಣ್ಣದಿಲ್ವಾ?"

"ಸಣ್ಣದ್ರಲ್ಲಿ ನಿನ್ನ ತಂಬಿಗೆ ಹಿಡೀತದಾ?" ಎಂದು ಆಯಿ ಬೋಗುಣಿಯನ್ನು ಬೂದಿ ಹಾಕಿ ಮೂರು ಸಲ ತಿಕ್ಕಿದಳು, ಹುಣಿಸೆಹಣ್ಣು ಹಾಕಿ ಮತ್ತೆ ತಿಕ್ಕಿದಳು. ಅಂಗಳದ ಒಲೆಯ ಮೇಲೆ ನೀರು ಕುದಿಯಿತು. ಉಪ್ಪು, ಸೋಡಾ ಸುರಿದೆ. ನೊರೆ ಬುಸ್ಸೆಂದಿತು. ಉಡಿದಾರವನ್ನು ಮೊದಲು ಇಳಿಬಿಟ್ಟೆ. ಕೊಳೆತ ಮೊಟ್ಟೆಯ ವಾಸನೆ ಎದ್ದಿತು. "ದೇವಾ! ಇದೆಂತ ಕೊಳಕು ವಿದ್ಯೆ!" ಎಂದು ಆಯಿ ಸೆರಗಿನಿಂದ ಮೂಗು ಮುಚ್ಚಿದಳು. ಮೀನು ಪೇಟೆಯಲ್ಲಿ ಆಯುಷ್ಯ ಕಳೆದವಳ ಮೂಗು ಮುಚ್ಚಿಸಿದ ಹೆಮ್ಮೆ ನನ್ನದು.

ನಾನು ಖುಷಿಯಲ್ಲಿ ಕುಣಿಯುವುದೊಂದು ಬಾಕಿ. ಕೋಲಿನಿಂದ ಎತ್ತಿದರೆ ಉಡಿದಾರದ ಒಂದೊಂದು ಕೊಂಡಿಯೂ ಬೆಳ್ಳಗೆ ಬರುತ್ತಿತ್ತು. ದೀಪಗಳಿಗೆ ಜೀವ ಬಂತು. ತಂಬಿಗೆಯ ಹುಲಿ ಪಟ್ಟೆ ಕಳೆಯಲು ನಾಲ್ಕು ಸಲ ನೀರು ಬದಲಿಸಬೇಕಾಯಿತು. ಟೆಂಡರಿನ ಪ್ರಕಟಣೆ ಕಡೆಗೆ ಅಳಿಸಿತು. ಆಯಿ ತನ್ನ ಹಳೆಯ ನೂಲಿನ ಸೀರೆಯ ತುಂಡಿನಿಂದ ಸಂಜೆಯವರೆಗೂ ಉಜ್ಜಿದಳು. ಕತ್ತಲಾಗುವ ಮೊದಲು ಐದೂ ಸಾಮಾನು ಮಿರಿಮಿರಿ ಎನ್ನುತ್ತ ಜಗಲಿಯ ಮೇಲೆ ಸಾಲಾಗಿ ಕೂತವು.

"ಆಯಿತಲ್ಲ. ಪೆಟ್ಟಿಗೆಯಲ್ಲಿ ಇಟ್ಟುಬಿಟ್ರೆ ಯಾರಿಗೂ ಗೊತ್ತಾಗೂದಿಲ್ಲ" ಎಂದೆ.

ಆಯಿ ಕೈಯಲ್ಲಿದ್ದ ಸೀರೆಯ ತುಂಡನ್ನು ಕೆಳಗಿಟ್ಟಳು. "ಹಾಂ? ಹೇಳೂದಿಲ್ವಾ ನೀನು? ಅವ್ರು ಕಣ್ಣು ಕಾಣದ ಹೊತ್ತಲ್ಲಿ ನಿನ್ನ ಕೈಯಲ್ಲಿ ಕೀ ಕೊಟ್ರು. ಕಾಣೂದಿಲ್ಲ ಅಂತ ಮುಚ್ಚಿಡೂದಾ?" ಎಂದಳು. ಎದ್ದು ಬೋಗುಣಿಯನ್ನು ಬೋರಲು ಹಾಕುತ್ತ, "ನಾಳೆ ನಾನೂ ಬರ್ತೆ. ಬೋಗುಣಿ ನಂದು ಅಲಾ" ಎಂದಳು.

ಮದುವೆಯಾದ ಮೇಲೆ ಆಯಿ ನಮ್ಮ ಮನೆಯ ಹೊಸ್ತಿಲು ದಾಟಿದ್ದು ಅದೇ ಮೊದಲು. ಭಾನುವಾರ ಹನ್ನೊಂದು ಗಂಟೆಗೆ ಹೊಸ ಸೀರೆ ಉಟ್ಟು, ಕೈಯಲ್ಲಿ ಹೂವಿನ ಪೊಟ್ಟಣ ಹಿಡಿದು, ನನ್ನ ಹಿಂದೆ ಹಿಂದೆ ಬಂದಳು. ಅತ್ತೆ ಜಗಲಿಯಲ್ಲಿದ್ದರು. "ಬನ್ನಿ ಶೇವಂತಿಬಾಯಿ, ಕೂಕಣಿ" ಎಂದು ಮರ್ಯಾದೆಯಿಂದಲೇ ಹೇಳಿದರು. ನಾಗೇಶ ನೀರು ತಂದರು. ಹವೆಯ ಬಗ್ಗೆ ಮಾತಾಯಿತು. ಮಗುವಿನ ತೂಕದ ಬಗ್ಗೆ ಮಾತಾಯಿತು. ನಾನು ಬಾಯಿ ತೆರೆಯುವುದಕ್ಕೆ ಧೈರ್ಯ ಕೂಡಿಸುತ್ತಿದ್ದಾಗಲೇ ಅತ್ತೆ, "ಅಕ್ಕೋರೇ, ಬೆಳ್ಳಿ ತೆಗೆದ್ರಾ? ಒಂದ್ ದೀಪ ಕೊಡಿ ಕಾಂಬ. ಕಣ್ಣಿಗೆ ಕಾಣದಿದ್ರೂ ಕೈಗೆ ಕಾಣ್ತದೆ" ಎಂದರು.

ಚೀಲದಿಂದ ದೀಪ ತೆಗೆದು ಕೊಟ್ಟೆ. ಅತ್ತೆ ಬೆರಳಿನಿಂದ ಅಂಚು ಸವರಿದರು. ಬುಡ ಸವರಿದರು. ತೃಪ್ತಿಯಿಂದ ತಲೆ ಆಡಿಸಿದರು. ಆಮೇಲೆ ಕೈ ನಿಂತಿತು. ದೀಪವನ್ನು ಮೂಗಿನ ಹತ್ತಿರ ಒಯ್ದರು.

"ಈ ದೀಪಕ್ಕೆ ಬಂಗಡೆ ವಾಸ್ನೆ ಯಾಕೆ?"

ಆಯಿ ನನ್ನ ಕಡೆ ನೋಡಿದಳು. ನಾನು ಹೇಳಿದೆ. ಕಾಗದ, ಶಾಲು, ರಬ್ಬರ್ ಬ್ಯಾಂಡು, ಹುಲಿ ಪಟ್ಟೆ, ಬೋಗುಣಿ, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದೆ. ಹೇಳುತ್ತ ಹೇಳುತ್ತ, ಅಂಕ ಕೊಡುವ ಟೀಚರ ಎದುರು ಉತ್ತರ ಬಾರದ ವಿದ್ಯಾರ್ಥಿಯ ಹಾಗೆ ಎರಡೂ ಕೈ ಹಿಂದೆ ಕಟ್ಟಿಕೊಂಡಿದ್ದೆ.

"ಏ ಮಾಲಿನೀ!" ಎಂದರು ಅತ್ತೆ. ದನಿ ಹಿತ್ತಿಲಿನ ಬಾವಿಯವರೆಗೂ ಹೋಗಿರಬೇಕು. "ನಿಂಗೆ ತಲೆ ಉಂಟೇನೆ? ನನ್ನ ಮಗಳ ಸೊಂಟದ ಉಡಿದಾರಕ್ಕೆ ರಬ್ಬರು ಸುತ್ತಿಟ್ಟಿದ್ಯಲ್ಲೇ! ಕೇಳೂಕೆ ನಾ ಇಲ್ಲೇ ಕೂತಿರ್ಲಿಲ್ವೇನೆ? ಕೊಡು ಕೀ. ಕೊಡೀಗ!"

ನನಗೆ ಅಳು ಬಂತು. ಅದರ ಜೊತೆಗೆ ಇನ್ನೊಂದು ವಿಚಿತ್ರವೂ ಆಯಿತು. ಐದು ವರ್ಷದಲ್ಲಿ ಮೊದಲ ಸಲ ಅತ್ತೆಯ ಬಾಯಿಂದ ನನ್ನ ಹೆಸರು ಕೇಳಿದ್ದೆ. ನೀವು ಹೋಗಿ ನೀನು ಆಗಿತ್ತು. ಬೈಗುಳ ಎಂಬುದೇನೋ ನಿಜ, ಆದರೆ ಸ್ವಂತದವರಿಗೆ ಬೈಯುವ ಬೈಗುಳ. ಅಧಿಕಾರಿಗೆ ಯಾರು ಹಾಗೆ ಬೈಯುತ್ತಾರೆ? ಕಣ್ಣೊರೆಸುತ್ತ ಕೀ ಕೊಟ್ಟೆ.

ಎಲ್ಲರಿಗೂ ಊಟ ಬಡಿಸಿದೆ. ಹೆಸರು ಸಿಕ್ಕಿತು, ಕೀ ಹೋಯಿತು. ಇನ್ನು ಜನ್ಮದಲ್ಲಿ ಅದು ನನ್ನ ಕೈಗೆ ಬರುವುದಿಲ್ಲ ಎಂದುಕೊಂಡೆ.

ಪಾತ್ರೆ ತೊಳೆದು ಬರುವಾಗ ಹಿಂದಿನ ಅಂಗಳದಲ್ಲಿ ಮಾತು ಕೇಳಿಸಿತು. ಅತ್ತೆ ಅಂಟವಾಳದ ಕಾಯಿ ನೆನೆಸಿದ ಬಟ್ಟಲು ಇಟ್ಟುಕೊಂಡು ಸ್ಟೂಲಿನ ಮೇಲೆ ಕೂತಿದ್ದರು. ಅವರು ಬಗ್ಗುವಂತಿಲ್ಲವಲ್ಲ, ಕೆಳಗೆ ಕೂತು ತೊಳೆಯುತ್ತಿದ್ದವಳು ಆಯಿ.

"ಇನ್ನೊಂದ್ ಸಲ ತೊಳೀರಿ. ಇನ್ನೂ ಬಂಗಡೆ ಉಂಟು" ಎಂದು ಅತ್ತೆ ಮೂಸಿ ವಾಪಸು ಕೊಟ್ಟರು.

"ಬಂಗಡೆ ಎಲ್ಲಿಂದ ಬಂತು ಹೊನ್ನಮ್ಮಕ್ಕ? ಮೂರು ವಾರದಿಂದ ಬಂಗಡೆ ಬಿದ್ದೇ ಇಲ್ಲ. ಅದು ತಾರ್ಲೆ" ಎಂದಳು ಆಯಿ.

"ತಾರ್ಲೆ ನಂಗೊತ್ತಿಲ್ವಾ? ಇದು ಬಂಗಡೆ."

ಆಯಿ ಇನ್ನೊಮ್ಮೆ ನೀರು ಹೊಯ್ದು ತೊಳೆದಳು. ಆಮೇಲೆ ಅತ್ತೆಯೇ, "ನಿಮ್ಮಲ್ಲಿ ಬೆಳ್ಳಿ ಹೆಂಗೆ ಇಡ್ತ್ರಿ? ಕಡಲ ಗಾಳಿ ಬೇರೆ" ಎಂದು ಕೇಳಿದರು.

"ಇಡೂದು ಎಲ್ಲಿ? ಮೈಮೇಲೇ" ಎಂದು ಆಯಿ ಕಾಲು ಚಾಚಿ ಕಾಲುಂಗುರ ತೋರಿಸಿದಳು. "ಮುವತ್ತು ವರ್ಷ ಆಯ್ತು. ಉಪ್ಪುನೀರಲ್ಲೇ ಇದ್ದದ್ದು. ಒಂದ್ ದಿನವೂ ಕಪ್ಪಾಗ್ಲಿಲ್ಲ. ಮೈ ತಿಕ್ತಾ ಇರ್ತದಲ್ಲ."

"ಗುಲಾಬದಾನಿ ಮೈಮೇಲೆ ಹಾಕ್ಕಂಡು ತಿರ್ಗೂಕೆ ಆಗ್ತದಾ?" ಎಂದರು ಅತ್ತೆ. ಆಯಿ ನಕ್ಕಳು. ಅತ್ತೆಯ ಬಾಯಿಯೂ ಕನ್ನಡಕದ ಕೆಳಗೆ ಸ್ವಲ್ಪ ಅಗಲವಾಯಿತು.

"ನೀವು ಯಾವತ್ತೂ ಕಪ್ಪು ಮಾಡ್ಲೇ ಇಲ್ವಾ ಅಕ್ಕಾ?"

ಅತ್ತೆ ದೀಪಕ್ಕೆ ಕೈ ಚಾಚಿದರು. "ಮಾಡಿದ್ದೆ" ಎಂದರು. "ಮದುವಿಯಾದ ಹೊಸತು. ಊರಲ್ಲಿ ಕಳ್ಳರು ಬಂದ್ರು ಅಂತ ಗುಲ್ಲಾಯ್ತು. ಅತ್ತೆ ಮನೇಲಿ ಇರ್ಲಿಲ್ಲ. ನಾ ಬುದ್ಧಿವಂತೆ ಅಲಾ, ಈ ಉಡಿದಾರ ತಕಂಡು ಒಣಮೀನಿನ ಮಡಕೇಲಿ ಹುಗಿದಿಟ್ಟೆ. ಮೀನಿನ ಮಡಕೆಗೆ ಯಾವ ಕಳ್ಳ ಕೈ ಹಾಕ್ತ? ಎಂಟ್ ದಿನ ಬಿಟ್ಟು ತೆಗೆದ್ರೆ ಡಾಂಬರು! ಅದಕ್ಕೇ ಈ ವಾಸ್ನೆ ನಂಗೆ ಗುರ್ತು."

"ಅರೇ ದೇವಾ! ನಿಮ್ಮತ್ತೆ ಎಂತ ಮಾಡ್ರು?"

"ಬೈಲಿಲ್ಲ. ಒಂದ್ ಮಾತೂ ಬೈಲಿಲ್ಲ. ಮತ್ತೆ ಬೆಳ್ಳಿ ಮುಟ್ಟೂಕೆ ಕೊಡ್ಲಿಲ್ಲ. ಇಪ್ಪತ್ತೆರಡು ವರ್ಷ. ಕೀ ನನ್ನ ಕೈಗೆ ಬಂದದ್ದು ಅವ್ರು ಸತ್ತ ಮೇಲೆ" ಎಂದು ಅತ್ತೆ ದೀಪವನ್ನು ಮತ್ತೆ ಮೂಸಿದರು. "ಈಗ ಹೋಯ್ತು ಕಾಣಿ. ಒರೆಸಿ."

ನಾನು ಒಳಗೆ ನಿಂತೇ ಕೇಳಿದೆ. ಹೊರಗೆ ಹೋಗಲಿಲ್ಲ. ಕೆಲವು ಪಾಠಗಳನ್ನು ಬಾಗಿಲ ಹಿಂದೆ ನಿಂತು ಕಲಿತರೇ ಮರ್ಯಾದೆ.

ಬುಧವಾರ ಬೆಳಿಗ್ಗೆ ಗಾಡಿ ಬಂದು ನಿಂತಿತ್ತು. ತೊಟ್ಟಿಲ ಹಾಡು ಹೇಳಲೆಂದು ಅತ್ತೆಯೇ ಆಯಿಯನ್ನು ಮೂರು ದಿನ ಉಳಿಸಿಕೊಂಡಿದ್ದರು, ಅಥವಾ ತಾರ್ಲೆಯೋ ಬಂಗಡೆಯೋ ಎಂಬುದು ಇತ್ಯರ್ಥವಾಗದ ಕಾರಣಕ್ಕೂ ಇರಬಹುದು. ಎಲ್ಲರೂ ಹತ್ತಿ ಕೂತ ಮೇಲೆ ಅತ್ತೆ ಸೊಂಟಕ್ಕೆ ಕೈ ಹಾಕಿದರು. "ಮಾಲಿನೀ, ಗುಲಾಬದಾನಿ ಪೆಟ್ಗೇಲೇ ಉಳೀತು. ಓಡು, ತಕಬಾ" ಎಂದು ಕೀ ಎಸೆದರು. ಓಡಿಹೋಗಿ ತಂದೆ. ಕೀ ವಾಪಸು ಚಾಚಿದೆ. ಅವರು ಆಗಲೇ ಡ್ರೈವರನಿಗೆ ದಾರಿ ಹೇಳುವುದರಲ್ಲಿ ಮುಳುಗಿದ್ದರು. ಎರಡು ಸಲ ಚಾಚಿದೆ. ಮೂರನೇ ಸಲ ಆಯಿ ನನ್ನ ಕೈ ಒತ್ತಿ ಕೆಳಗಿಳಿಸಿದಳು. ಅದನ್ನು ಅವರು ಆಮೇಲೆ ಕೇಳಲೇ ಇಲ್ಲ.

ಕಾರವಾರದಲ್ಲಿ ಡಾಕ್ಟರು ಕಪ್ಪು ಕನ್ನಡಕ ತೆಗೆಸಿದರು. ಅಲ್ಲಿಂದ ಶುರುವಾಯಿತು ನೋಡಿ! ನಾಲ್ಕನೇ ಇಯತ್ತೆ ಓದಿದ ಅತ್ತೆ ದಾರಿಯ ಒಂದು ಬೋರ್ಡನ್ನೂ ಬಿಡಲಿಲ್ಲ. ಸಿಮೆಂಟಿನ ಜಾಹೀರಾತು, ಹಲ್ಲಿನ ಡಾಕ್ಟರು, 'ಮುಂದೆ ತಿರುವು ಇದೆ' ಎಲ್ಲವನ್ನೂ ದೊಡ್ಡಕ್ಕೆ ಓದಿದರು. ಕಾಳಿ ನದಿ ಕಂಡಾಗ, "ಇಷ್ಟು ಅಗಲ ಇತ್ತೇನಾ ಇದು?" ಎಂದರು. ಮಗನನ್ನು ನೋಡಿ, "ತಮಾ, ನಿಂಗೆ ಕೂದ್ಲು ಇಷ್ಟೇನಾ ಉಳ್ದದ್ದು!" ಎಂದು ನಿಟ್ಟುಸಿರು ಬಿಟ್ಟರು. ನನ್ನನ್ನು ಬಹಳ ಹೊತ್ತು ನೋಡಿದರು, ನನ್ನ ಹಣೆಯಲ್ಲಿ ಓರೆಯಾಗಿದ್ದ ಕುಂಕುಮವನ್ನು ಹೆಬ್ಬೆರಳಿನಿಂದ ಸರಿಮಾಡಿದರು.

ಹಣಕೋಣದಲ್ಲಿ ಹೆಂಗಸರು ತುಂಬಿದ್ದರು. ಮೊಮ್ಮಗಳನ್ನು ಕಂಡು ಅತ್ತೆ ಅತ್ತರು. ಹೊಸ ಕಣ್ಣಿಗೆ ನೀರು ತಾಗಬಾರದೆಂದು ಐದು ಜನ ಐದು ಕಡೆಯಿಂದ ಒರೆಸಿದರು. ಆಯಿ ಮಗುವನ್ನು ಎತ್ತಿ ಹಿಡಿದಳು, ಅತ್ತೆ ಉಡಿದಾರ ಕಟ್ಟಿದರು. ಬೆಳ್ಳಿ ತಣ್ಣಗೆ ತಾಗಿ ಮಗು ಕಿರುಚಿತು. ದೀಪಗಳು ಹೊತ್ತಿದವು. ಇನ್ನು ಕಳಶ ಇಡುವುದೊಂದು ಬಾಕಿ. ಅತ್ತೆ ತಂಬಿಗೆಯನ್ನು ಎತ್ತಿಕೊಂಡವರು ಅಲ್ಲೇ ನಿಂತುಬಿಟ್ಟರು.

"ಅಯ್ಯೋ! ಇದೆಂತ ಇದು?"

ನಾನು ಮುಂದೆ ಬಗ್ಗಿ ನೋಡಿದೆ. ಪಟ್ಟೆ ಉಳಿದಿದೆಯೇ? ಟೆಂಡರು ಉಳಿದಿದೆಯೇ? ಅತ್ತೆ ತಂಬಿಗೆಯನ್ನು ಹತ್ತಿರ ತಂದರು, ದೂರ ಒಯ್ದರು, ಕೆನ್ನೆ ಮುಟ್ಟಿಕೊಂಡರು.

"ಈ ಮುದ್ಕಿ ಯಾರೇ?"

ಕಣ್ಣಿಗೆ ಪೊರೆ ಬಂದು ಎಷ್ಟು ವರ್ಷವಾಗಿತ್ತೋ, ಅಷ್ಟು ವರ್ಷದಿಂದ ಅವರು ತಮ್ಮ ಮುಖ ಸರಿಯಾಗಿ ಕಂಡಿರಲಿಲ್ಲ. ಸುತ್ತಲಿನವರು ನಗಬೇಕೋ ಬೇಡವೋ ತಿಳಿಯದೆ ನಿಂತರು. ಅತ್ತೆ ನನ್ನ ಕಡೆ ತಿರುಗಿ, "ಇಷ್ಟೆಲ್ಲಾ ಯಾಕೆ ಬೆಳಗಿದ್ಯೇ? ಸ್ವಲ್ಪ ಕಪ್ಪು ಬಿಡ್ಬೇಕಿತ್ತಲೇ!" ಎಂದರು.

ಆಯಿ ಪಕ್ಕದಿಂದ ಇಣುಕಿದಳು. "ನೋಡ್ವಾ ನೋಡ್ವಾ... ಹೊನ್ನಮ್ಮಕ್ಕ, ಅದು ನೀವಲ್ಲ, ನಾನು. ನೀವು ಈ ಬದಿ."

"ಅಲ್ಲ, ಮೂಗಬಟ್ಟು ಇದ್ದದ್ದು ನಾನು."

"ಮೂಗಬಟ್ಟು ನಂಗೂ ಉಂಟಲ್ಲ. ಆ ಸುಕ್ಕು ಕಾಣಿ, ಅದು ಕಡಲ ಬಿಸಿಲಿನ ಸುಕ್ಕು. ನಂದೇ."

"ಗದ್ದೆ ಬಿಸ್ಲಿಗೆ ಸುಕ್ಕು ಬರೂದಿಲ್ವಾ? ಅದು ನಂದು. ಬಿಡಿ, ತಂಬ್ಗೆ ಎಳೀಬೇಡಿ."

ತಂಬಿಗೆಯ ಉಬ್ಬಿದ ಹೊಟ್ಟೆಯ ಮೇಲೆ ಎರಡು ಮುಖಗಳೂ ಪಾಪ್ಲೆಟ್ ಮೀನಿನ ಹಾಗೆ ಅಗಲವಾಗಿ, ಒಂದಕ್ಕೊಂದು ಸೇರಿ ಕುಣಿಯುತ್ತಿದ್ದವು. ಯಾವುದು ಯಾರದೆಂದು ನನಗೂ ಹೇಳಲಾಗುತ್ತಿರಲಿಲ್ಲ. ಇಬ್ಬರೂ ನಗುತ್ತಿದ್ದರು, ಇಬ್ಬರೂ ಬಿಟ್ಟುಕೊಡುತ್ತಿರಲಿಲ್ಲ. ತೊಟ್ಟಿಲಿನ ಹತ್ತಿರದಿಂದ ಗೀತಾ ಎರಡು ಸಲ ಕೂಗಿದಳು. ಮುಹೂರ್ತ ಮೀರುತ್ತದೆಂದು ಅವಳ ಅತ್ತೆ ಗಡಿಬಿಡಿ ಮಾಡಿದರು. ಕಾದು ಕಾದು, ನಾನು ಒಳಗೆ ಹೋಗಿ ಅಡುಗೆಮನೆಯ ಒಂದು ಸ್ಟೀಲಿನ ಚೊಂಬಿನಲ್ಲಿ ನೀರು ತುಂಬಿ, ಮಾವಿನೆಲೆ ಇಟ್ಟು, ತೆಂಗಿನಕಾಯಿ ಕೂರಿಸಿ ತಂದಿಟ್ಟೆ. ಮಗುವಿಗೆ ಹೆಸರಿಟ್ಟದ್ದು ಅದರ ಮುಂದೆಯೇ.